ಬ್ರಾಂಡೆಡ್ ಸಿಪಿಯು ಬೇರೆ ಕ್ಯಾಬಿನೆಟ್‌ಗೆ ಕೂರುತ್ತದೆಯೇ? ಹಳೆಯದರ ತಳ ತುಕ್ಕು ಹಿಡಿದು ಉದುರುತ್ತಿದೆ

ಪ್ರಶ್ನೆ: ತುಂಗಾತೀರದ ಡಿಟಿಪಿ, ತೀರ್ಥಹಳ್ಳಿ

ನನ್ನದು ತೀರ್ಥಹಳ್ಳಿ ಪೇಟೆಯಲ್ಲಿ ಹತ್ತಡಿ ಅಗಲದ ಡಿಟಿಪಿ ಅಂಗಡಿ. ಮದುವೆ ಕಾಗದ, ಗೃಹಪ್ರವೇಶದ ಕಾಗದ, ಶಾಲಾ ವಾರ್ಷಿಕೋತ್ಸವದ ಕರಪತ್ರ, ಸಹಕಾರ ಸಂಘದ ವರದಿ, ನಡುನಡುವೆ ಪಹಣಿಯ ಪ್ರಿಂಟು. ಇಷ್ಟನ್ನೂ ಹೊತ್ತಿರುವುದು ಒಂದೇ ಒಂದು ಸಿಪಿಯು. ಬೆಂಗಳೂರಿನ ಯಾವುದೋ ಕಚೇರಿ ತನ್ನ ಹಳೆಯ ಯಂತ್ರಗಳನ್ನು ಸಗಟಾಗಿ ಮಾರಿದಾಗ ಶಿವಮೊಗ್ಗದ ಸೆಕೆಂಡ್ ಹ್ಯಾಂಡ್ ವ್ಯಾಪಾರಿಯೊಬ್ಬರ ಕೈದಾಟಿ ನನ್ನಲ್ಲಿಗೆ ಬಂತು. ಬ್ರಾಂಡೆಡ್, ಕಚೇರಿ ಮಾದರಿ, ಮಿನಿ ಟವರ್. ಇಂಟೆಲ್ ಕೋರ್ ಐ5-4590 ಪ್ರೊಸೆಸರ್, 8 ಜಿಬಿ ಡಿಡಿಆರ್3 ರ‍್ಯಾಮ್, ಆಮೇಲೆ ನಾನೇ ಹಾಕಿಸಿದ 240 ಜಿಬಿ ಎಸ್‌ಎಸ್‌ಡಿ. ಕಂಪನಿಯ ಹೆಸರು ಹೇಳುವುದಿಲ್ಲ, ಅವರ ತಪ್ಪು ಇದರಲ್ಲಿ ಏನೂ ಇಲ್ಲ.

ತಪ್ಪು ಮಂಗಗಳದ್ದು. ಕಳೆದ ಪುನರ್ವಸು ಮಳೆಯ ಒಂದು ಭಾನುವಾರ ಅಂಗಡಿಯ ಮಾಡಿನ ಮೇಲೆ ಹಿಂಡಾಗಿ ಓಡಾಡಿ ಎರಡು ಹಂಚು ಸರಿಸಿ ಹೋಗಿದ್ದವು. ಸೋಮವಾರ ಬಾಗಿಲು ತೆಗೆದರೆ ಮೇಜಿನ ಕೆಳಗೆ ಕೆರೆ, ಕೆರೆಯ ನಡುವೆ ಸಿಪಿಯು. ಪುಣ್ಯಕ್ಕೆ ನೀರು ಒಂದು ಬೆರಳಿಗಿಂತ ಮೇಲೆ ಏರಿರಲಿಲ್ಲ. ಮೂರು ದಿನ ಒಣಗಿಸಿ ಹಚ್ಚಿದೆ, ಓಡಿತು. ಆದರೆ ಅಂದಿನಿಂದ ತಳದ ತಗಡು ತುಕ್ಕು ಹಿಡಿಯುತ್ತಾ ಹೋಗಿ ಈಗ ಬೆರಳಲ್ಲಿ ಒತ್ತಿದರೆ ಹಪ್ಪಳದಂತೆ ಮುರಿಯುತ್ತದೆ. ಒಂದು ಕಾಲು ಕಳಚಿ ಬಿದ್ದಿದೆ, ಅದರ ಜಾಗದಲ್ಲಿ ಹಳೆಯ ದೂರವಾಣಿ ಡೈರೆಕ್ಟರಿ ಇಟ್ಟಿದ್ದೇನೆ. ಆನ್ ಮಾಡುವ ಗುಂಡಿ ಒಳಗೆ ಕುಸಿದಿದ್ದು, ಮೊಂಡು ಪೆನ್ಸಿಲಿನಿಂದ ಚುಚ್ಚಿ ಚಾಲೂ ಮಾಡುತ್ತೇನೆ. ಗಿರಾಕಿಗಳು ನೋಡಿ ನಗುತ್ತಾರೆ. ಬರಿಗಾಲಲ್ಲಿ ನಿಂತು ಮುಟ್ಟಿದರೆ ಕೈ ಜುಮ್ಮೆನ್ನುತ್ತದೆ, ಆಗ ನನಗೆ ನಗು ಬರುವುದಿಲ್ಲ.

ಇಲ್ಲಿನ ರಿಪೇರಿಯವರನ್ನು ಕೇಳಿದರೆ, "ಬ್ರಾಂಡೆಡ್‌ನ ಬೋರ್ಡು ಬೇರೆ ಕ್ಯಾಬಿನೆಟ್‌ಗೆ ಕೂರುವುದಿಲ್ಲ ಅಕ್ಕ, ಹೊಸ ಸಿಸ್ಟಂ ತೆಗೆದುಕೊಂಡುಬಿಡಿ" ಎಂದರು. ಹೊಸದು ತೆಗೆದುಕೊಳ್ಳಲು ದುಡ್ಡಿನ ಕಷ್ಟ ಒಂದಾದರೆ ಪೇಜ್‌ಮೇಕರಿನ ಕಷ್ಟ ಇನ್ನೊಂದು. ನನ್ನ ಅಷ್ಟೂ ಕಡತಗಳು ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್ 7ರಲ್ಲಿ, ನುಡಿಯ ಹಳೆಯ ಫಾಂಟುಗಳಲ್ಲಿವೆ. ಅಕ್ಕನ ಮದುವೆಗೆ ಕಾಗದ ಮಾಡಿಸಿದವರು ಎಂಟು ವರ್ಷ ಬಿಟ್ಟು ತಂಗಿಯ ಮದುವೆಗೆ ಬಂದು "ಹೋದ ಸಲದ ಹಾಗೆಯೇ ಇರಲಿ, ಹೆಸರು ಮಾತ್ರ ಬದಲಾಯಿಸಿ" ಎನ್ನುವ ಊರು ಇದು. ಓಡುತ್ತಿರುವ ವ್ಯವಸ್ಥೆಯನ್ನು ಕದಡುವ ಧೈರ್ಯ ನನಗಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ: ಒಳಗಿನದ್ದೆಲ್ಲ ಹಾಗೇ ಇಟ್ಟುಕೊಂಡು ಪೆಟ್ಟಿಗೆಯನ್ನಷ್ಟೇ ಬದಲಾಯಿಸಬಹುದೇ? ಯಾರಾದರೂ ಮಾಡಿ ನೋಡಿದ್ದೀರಾ? ಪೆಟ್ಟಿಗೆ ಬದಲಾದರೆ ವಿಂಡೋಸ್ ಮತ್ತೆ ಲೈಸೆನ್ಸ್ ಕೇಳುತ್ತದೆಯೇ?

ಉತ್ತರ 1: ಹಂಚಿನ ಮನೆ, ಕೊಪ್ಪ

ಮೇಡಂ, ಮೊದಲು ಪಕ್ಕದ ಮುಚ್ಚಳ ತೆಗೆದು ಬೋರ್ಡನ್ನು (ಮದರ್‌ಬೋರ್ಡು) ಅಳೆಯಿರಿ. ಮೈಕ್ರೋ ಎಟಿಎಕ್ಸ್ ಎಂಬ ಸಾಮಾನ್ಯ ಮಾದರಿಯ ಬೋರ್ಡಿನ ಅಳತೆ 244 ಮಿ.ಮೀ. ಚೌಕ. ಅದರ ಆಸುಪಾಸಿನಲ್ಲಿದ್ದು, ಸ್ಕ್ರೂ ತೂತುಗಳೂ ಅದೇ ಸ್ಥಾನಗಳಲ್ಲಿದ್ದರೆ ಅರ್ಧ ಗೆದ್ದಂತೆ. ಎಸ್‌ಎಂಪಿಎಸ್‌ನಿಂದ (ಕರೆಂಟು ಕೊಡುವ ಡಬ್ಬಿ) ಬೋರ್ಡಿಗೆ ಬರುವ ದಪ್ಪ ಪ್ಲಗ್ಗಿನಲ್ಲಿ ಎಷ್ಟು ಕಾಲುಗಳಿವೆ ಎಂದು ಎಣಿಸಿ ಹೇಳಿ. 24 ಇದ್ದರೆ ನಿಮ್ಮ ಅದೃಷ್ಟ. ಪ್ರೊಸೆಸರಿನ ಮೇಲಿನ ಹೀಟ್ ಸಿಂಕ್ (ಬಿಸಿ ಹೀರುವ ಲೋಹದ ತುಂಡು) ಹೇಗೆ ಕೂತಿದೆ ಎಂಬುದನ್ನೂ ನೋಡಿ. ಮುಚ್ಚಳ ತೆಗೆಯುವ ಮುಂಚೆ ಪ್ಲಗ್ ಕಿತ್ತು, ಗುಂಡಿಯನ್ನು ಎರಡು ಸಲ ಒತ್ತಿ ಉಳಿದ ಕರೆಂಟು ಇಳಿಸಿ. ಪೆನ್ಸಿಲಿನಿಂದಲೇ ಆಗಲಿ.

ತುಂಗಾತೀರದ ಡಿಟಿಪಿ

ಅಳೆದೆ. ಎರಡೂ ಬದಿ ಇಪ್ಪತ್ತನಾಲ್ಕೂವರೆ ಸೆಂ.ಮೀ.ಗೆ ಕೂದಲೆಳೆಯಷ್ಟು ಕಡಿಮೆ. ಪ್ಲಗ್ಗಿನಲ್ಲಿ 24 ಇಲ್ಲ, ಬರೀ ಎಂಟು. ಪಕ್ಕದಲ್ಲಿ ನಾಲ್ಕು ಕಾಲಿನದು ಇನ್ನೊಂದು. ಹೀಟ್ ಸಿಂಕಿನ ನಾಲ್ಕು ಮೂಲೆಗೆ ನಾಲ್ಕು ಉದ್ದನೆಯ ಸ್ಕ್ರೂಗಳಿವೆ. ಇನ್ನೊಂದು ವಿಷಯ, ಹಿಂದಿನ ಸೀರಿಯಲ್ ಪೋರ್ಟಿನ ಪಕ್ಕದ ಸಂದಿಯಲ್ಲಿ ಕಣಜವೊಂದು ಮಣ್ಣಿನ ಗೂಡು ಕಟ್ಟಿ ಹೋಗಿದೆ. ಪ್ರಿಂಟರ್ ವೈರಿನ ಪಕ್ಕದಲ್ಲೇ ಅಷ್ಟು ದಿನ ಮಣ್ಣು ಹೊತ್ತಿದ್ದು ನನಗೆ ಗೊತ್ತೇ ಆಗಿಲ್ಲ.

ಉತ್ತರ 2: ಬೆಸುಗೆ, ಸಾಗರ

ಅಕ್ಕ, ಕೂರುತ್ತದೆ. ಆದರೆ ನಿಮ್ಮೂರಿನ ರಿಪೇರಿಯವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಅಸೆಂಬಲ್ ಮಾಡಿಸಿದ ಕಂಪ್ಯೂಟರಿಗೆ ಕ್ಯಾಬಿನೆಟ್ ಎಂದರೆ ಬಾಡಿಗೆ ಮನೆ, ಸಾಮಾನು ಎತ್ತಿ ಇನ್ನೊಂದಕ್ಕೆ ಹೋದರಾಯಿತು. ಬ್ರಾಂಡೆಡ್‌ನಲ್ಲಿ ಗೋಡೆಯೂ ಸಾಮಾನಿನ ಕೆಲಸ ಮಾಡುತ್ತಿರುತ್ತದೆ. ಗೋಡೆ ಬಿಟ್ಟು ಬಂದ ಮೇಲೆ ಸಾಮಾನು ನೇತಾಡುತ್ತದೆ. ಬಿಚ್ಚುವ ಮೊದಲು ಹಳೆಯ ಪೆಟ್ಟಿಗೆ ಏನೇನು ಹೊತ್ತಿತ್ತು ಎಂದು ಲೆಕ್ಕ ಹಾಕಿಕೊಳ್ಳಿ. ನಾನು ಈ ತರಹದ್ದು ಐದು ಮಾಡಿದ್ದೇನೆ, ಮೊದಲನೆಯದನ್ನು ಸುಟ್ಟೇ ಕಲಿತದ್ದು.

ಎಂಟು ಕಾಲಿನ ಪ್ಲಗ್ಗಿನ ಮಾತು ಮೊದಲು. ಇಂಥ ಬೋರ್ಡು ಎಸ್‌ಎಂಪಿಎಸ್‌ನಿಂದ 12 ವೋಲ್ಟನ್ನು ಮಾತ್ರ ತೆಗೆದುಕೊಂಡು, 5 ಮತ್ತು 3.3 ವೋಲ್ಟುಗಳನ್ನು ತನ್ನ ಮೈಮೇಲೇ ತಯಾರಿಸಿಕೊಳ್ಳುತ್ತದೆ. ಎಸ್‌ಎಸ್‌ಡಿಗೆ ಹೋಗುವ ಕರೆಂಟು ಕೂಡ ಬೋರ್ಡಿನ ಒಂದು ಸಣ್ಣ ಸಾಕೆಟ್ಟಿನಿಂದಲೇ ಹೊರಡುತ್ತಿರಬೇಕು, ನೋಡಿ. ಹೊಸ ಎಸ್‌ಎಂಪಿಎಸ್ ಕೊಂಡರೆ ಅದರಲ್ಲಿಯೂ ಎಂಟು ಕಾಲಿನ ಪ್ಲಗ್ ಇರುತ್ತದೆ, ಆದರೆ ಅದು ಪ್ರೊಸೆಸರಿಗೋ ಗ್ರಾಫಿಕ್ಸ್ ಕಾರ್ಡಿಗೋ ಕೊಡುವಂಥದ್ದು. ಎಂಟಕ್ಕೆ ಎಂಟು ಸರಿಹೋಯಿತು ಎಂದು ಅದನ್ನು ಒತ್ತಿ ತೂರಿಸಿದವರ ಬೋರ್ಡು ನನ್ನ ಮೇಜಿನ ಮೇಲೆ ಸತ್ತು ಮಲಗಿದ್ದಿದೆ. ಹೊಸ ಎಸ್‌ಎಂಪಿಎಸ್‌ಗೆ 24ರಿಂದ 8ಕ್ಕೆ ಇಳಿಸುವ ಅಡಾಪ್ಟರ್ ವೈರು ಬೇಕು, ಅದೂ ನಿಮ್ಮ ಮಾದರಿಗೆ ಹೊಂದುವಂಥದ್ದೇ ಆಗಬೇಕು.

ನಾನಾದರೆ ಅದರ ಗೋಜಿಗೆ ಹೋಗುವುದಿಲ್ಲ. ನಿಮ್ಮ ಹಳೆಯ ಎಸ್‌ಎಂಪಿಎಸ್ ಚೆನ್ನಾಗಿದ್ದರೆ ಅದನ್ನೇ ಎತ್ತಿಕೊಂಡು ಹೋಗಿ. ಅದರ ಹಿಂಭಾಗ 150 ಮಿ.ಮೀ. ಅಗಲ, 86 ಮಿ.ಮೀ. ಎತ್ತರವಿದ್ದರೆ ಅದು ಸಾಮಾನ್ಯ ಎಟಿಎಕ್ಸ್ ಅಳತೆ, ಯಾವ ಕ್ಯಾಬಿನೆಟ್‌ಗಾದರೂ ಕೂರುತ್ತದೆ. ಆದರೆ ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. ಈಗಿನ ಚಂದದ ಕ್ಯಾಬಿನೆಟ್‌ಗಳಲ್ಲಿ ಎಸ್‌ಎಂಪಿಎಸ್ ಕೂರುವುದು ತಳದಲ್ಲಿ. ನಿಮ್ಮದರ ವೈರುಗಳನ್ನು ಕಂಪನಿ ಮೇಲಿನಿಂದ ಕೆಳಗೆ ಇಳಿಯಲು ಎಷ್ಟು ಬೇಕೋ ಅಷ್ಟೇ ಕತ್ತರಿಸಿರುತ್ತದೆ. ತಳದಲ್ಲಿಟ್ಟರೆ ಆ ನಾಲ್ಕು ಕಾಲಿನ ಪ್ಲಗ್ ಬೋರ್ಡಿನ ಮೇಲಿನ ಮೂಲೆಗೆ ತಲುಪುವುದೇ ಇಲ್ಲ. ಎಸ್‌ಎಂಪಿಎಸ್ ಮೇಲ್ಗಡೆ ಕೂರುವ ಹಳೇ ಶೈಲಿಯ ಕ್ಯಾಬಿನೆಟ್ ಕೇಳಿ ತೆಗೆದುಕೊಳ್ಳಿ. ಅಂಗಡಿಯವನು ಮೂಗು ಮುರಿಯುತ್ತಾನೆ. ಮುರಿಯಲಿ, ಅದು ಅಗ್ಗ.

ಹೀಟ್ ಸಿಂಕಿನ ನಾಲ್ಕು ಸ್ಕ್ರೂ ಎಂದಿರಲ್ಲ, ನನಗೆ ಅನುಮಾನ ಅಲ್ಲಿಯೇ. ಕಚೇರಿ ಮಾದರಿಗಳಲ್ಲಿ ಆ ಸ್ಕ್ರೂಗಳು ಬೋರ್ಡನ್ನು ದಾಟಿ ಹೋಗಿ ಕ್ಯಾಬಿನೆಟ್ಟಿನ ತಗಡಿಗೇ ಕಚ್ಚಿಕೊಂಡಿರುವುದುಂಟು. ಬೋರ್ಡು ಎತ್ತಿದಾಗ ಕೆಳಗೆ ನಾಲ್ಕು ಎತ್ತರದ ಬುಡಗಳು ತಗಡಿನಲ್ಲೇ ಕಂಡರೆ ಅದೇ ಕಥೆ. ಹೊಸ ಪೆಟ್ಟಿಗೆಯಲ್ಲಿ ಕಚ್ಚಿಕೊಳ್ಳಲು ಏನೂ ಇರುವುದಿಲ್ಲ. ಆಗ ಬೋರ್ಡಿನ ಬೆನ್ನಿಗೆ ಒಂದು ಪಟ್ಟಿ ಬೇಕು, ಬ್ಯಾಕ್‌ಪ್ಲೇಟ್ ಎನ್ನುತ್ತಾರೆ. ನಿಮ್ಮ ಪ್ರೊಸೆಸರಿನ ಸಾಕೆಟ್ ಎಲ್‌ಜಿಎ 1150. ಅದರ ತೂತಿನಿಂದ ತೂತಿಗೆ ಅಂತರ 75 ಮಿ.ಮೀ. 1155, 1151, 1200 ಸಾಕೆಟ್ಟುಗಳಿಗೂ ಅದೇ ಅಂತರವಿರುವುದರಿಂದ ಯಾವುದಾದರೂ ಕೂಲರ್‌ನ ಬ್ಯಾಕ್‌ಪ್ಲೇಟ್ ಗುಜರಿಯಲ್ಲಿ ಸಿಗುತ್ತದೆ. 775ರದ್ದು 72, 1700ರದ್ದು 78. ಮೂರು ಮಿಲಿಮೀಟರ್ ತಾನೇ ಎಂದು ಎಳೆದು ಕೂರಿಸಲು ಹೋಗಬೇಡಿ. ನಿಮ್ಮ ಸ್ಕ್ರೂವಿನ ಥ್ರೆಡ್ಡು ಆ ಪಟ್ಟಿಯ ಥ್ರೆಡ್ಡಿಗೆ ಹೊಂದುತ್ತದೆಯೇ ಎಂದು ಅಂಗಡಿಯಲ್ಲೇ ತಿರುಗಿಸಿ ನೋಡಿ. ಹೀಟ್ ಸಿಂಕ್ ತೆಗೆಯುವ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ, ಬಿಸಿಯಾದರೆ ಅದಕ್ಕೂ ಪ್ರೊಸೆಸರಿಗೂ ನಡುವೆ ಒಣಗಿದ ಪೇಸ್ಟು ಸಡಿಲಗೊಳ್ಳುತ್ತದೆ. ನಂತರ ಸ್ವಲ್ಪ ಅತ್ತಿತ್ತ ತಿರುಚಿ ಎತ್ತಿ. ಹೊಸ ಪೇಸ್ಟು ಒಂದು ಕಡಲೆಬೇಳೆಯಷ್ಟು ಸಾಕು. ರೊಟ್ಟಿಗೆ ಬೆಣ್ಣೆ ಹಚ್ಚುವ ಉದಾರತೆ ಇಲ್ಲಿ ಬೇಡ.

ಆಮೇಲೆ ಗುಂಡಿ. ಅಸೆಂಬಲ್ಡ್ ಬೋರ್ಡುಗಳಲ್ಲಿ ಗುಂಡಿಯ ಎರಡು ಕಡ್ಡಿ ಎಲ್ಲಿವೆ ಎಂಬುದು ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ. ನಿಮ್ಮದರಲ್ಲಿ ಕಂಪನಿ ತನ್ನದೇ ಪ್ಲಗ್ ಇಟ್ಟಿರುತ್ತದೆ. ಬೋರ್ಡಿನ ಕಡೆಯ ಪ್ಲಗ್ಗನ್ನು ಮುಟ್ಟಬೇಡಿ. ಹಳೆಯ ಗುಂಡಿಯ ಬುಡದಲ್ಲಿ ಮಲ್ಟಿಮೀಟರ್ ಹಿಡಿದು, ಒತ್ತಿದಾಗ ಯಾವ ಎರಡು ವೈರುಗಳ ನಡುವೆ ಬೀಪ್ ಬರುತ್ತದೆ ಎಂದು ಹುಡುಕಿ. ಅವೆರಡನ್ನು ಗುಂಡಿಯ ಹತ್ತಿರ ಕತ್ತರಿಸಿ ಹೊಸ ಕ್ಯಾಬಿನೆಟ್ಟಿನ ಗುಂಡಿಯ ವೈರುಗಳಿಗೆ ಕೂಡಿಸಿ. ಯಾವುದಕ್ಕೆ ಯಾವುದು ಎಂಬ ಚಿಂತೆ ಬೇಡ, ಗುಂಡಿಗೆ ಧನ ಋಣ ಇಲ್ಲ. ದೀಪಕ್ಕೆ ಉಂಟು, ಹತ್ತದಿದ್ದರೆ ತಿರುವಿ ಹಾಕಿ. ಮುಂಭಾಗದ ಯುಎಸ್‌ಬಿ ಮತ್ತು ಇಯರ್‌ಫೋನ್ ಇರುವ ಸಣ್ಣ ಬೋರ್ಡನ್ನೂ ಬಿಚ್ಚಿ ಜೊತೆಗೆ ತನ್ನಿ. ಅದು ಕಾಣದಿದ್ದರೆ ಕೆಲವು ಯಂತ್ರಗಳು ದಿನವೂ ಬೆಳಿಗ್ಗೆ ತಕರಾರು ಬರೆದು, ನೀವು ಎಫ್1 ಒತ್ತುವ ತನಕ ಮುಂದೆ ಹೋಗುವುದಿಲ್ಲ. ಮುಚ್ಚಳ ತೆಗೆದಿದ್ದಾರೆ ಎಂದು ದೂರುವ ಸ್ವಿಚ್ಚೂ ಇರಬಹುದು, ಅದನ್ನು ಬಯಾಸ್ ಸೆಟಪ್ಪಿನಲ್ಲಿ (ವಿಂಡೋಸ್‌ಗೂ ಮುಂಚೆ ತೆರೆಯುವ ಬೋರ್ಡಿನ ಸೆಟ್ಟಿಂಗುಗಳು) ಸುಮ್ಮನಾಗಿಸಬಹುದು.

ಕೊನೆಗೆ, ನಾನು ಮೊದಲನೆಯದನ್ನು ಸುಟ್ಟದ್ದು ಹೇಗೆಂದು ಹೇಳಿಬಿಡುತ್ತೇನೆ. ಹೊಸ ಕ್ಯಾಬಿನೆಟ್ಟಿನಲ್ಲಿ ಬೋರ್ಡಿನ ಕೆಳಗೆ ಹಾಕುವ ಹಿತ್ತಾಳೆ ಕಾಲುಗಳು ಬೋರ್ಡಿನ ತೂತು ಎಲ್ಲಿದೆಯೋ ಅಲ್ಲಿ ಮಾತ್ರ ಇರಬೇಕು. ನಾನು ಒಂಬತ್ತನೆಯದನ್ನು ತೂತಿಲ್ಲದ ಜಾಗದಲ್ಲಿ ಬಿಟ್ಟಿದ್ದೆ. ಹಿಂಬದಿಯ ಬೆಸುಗೆಗೆ ಅದು ತಗುಲಿತು. ಸಣ್ಣದೊಂದು ಚಿಟ್ ಶಬ್ದ, ಆಮೇಲೆ ಗಿರಾಕಿಯ ಎದುರು ನನ್ನ ಮೌನ.

ವಿಂಡೋಸ್ ಚಿಂತೆ ಬಿಡಿ. ಬ್ರಾಂಡೆಡ್ ಯಂತ್ರದ ಲೈಸೆನ್ಸ್ ಬೋರ್ಡಿಗೆ ಅಂಟಿಕೊಂಡಿರುತ್ತದೆ, ಪೆಟ್ಟಿಗೆಗೆ ಅಲ್ಲ.

ಉತ್ತರ 3: ನಿವೃತ್ತ ಮೇಷ್ಟರು, ಹೊಸನಗರ

ಮಾರಾಯರೇ, ಇಷ್ಟೆಲ್ಲ ರಾಮಾಯಣ ಯಾಕೆ? ತುಕ್ಕನ್ನು ಮರಳು ಕಾಗದದಲ್ಲಿ ಉಜ್ಜಿ ರೆಡ್ ಆಕ್ಸೈಡ್ ಬಳಿಯಿರಿ. ಗುಂಡಿಯ ಬದಲು ಇಲೆಕ್ಟ್ರಿಕ್ ಅಂಗಡಿಯಿಂದ ಮನೆಯ ಕರೆಗಂಟೆಯ ಸ್ವಿಚ್ಚು ತಂದು ಅದೇ ಎರಡು ವೈರಿಗೆ ಕೊಡಿ. ನನ್ನ ಕಂಪ್ಯೂಟರು ಆರು ವರ್ಷದಿಂದ ಹಾಗೆಯೇ ಓಡುತ್ತಿದೆ. ಮೊಮ್ಮಕ್ಕಳು ಬಂದಾಗ ಮಾತ್ರ ತೊಂದರೆ, ಬಾಗಿಲ ಗಂಟೆಯೆಂದು ಒತ್ತಿ ಓಡುತ್ತಾರೆ.

ಆದರೆ ತಾಯಿ, ಆ ಜುಮ್ಮೆನ್ನುವುದನ್ನು ಯಾರೂ ಇಲ್ಲಿ ಎತ್ತಿಕೊಳ್ಳಲಿಲ್ಲ. ನಾನು ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿದವನು, ಬಿಡಲಾರೆ. ಎಸ್‌ಎಂಪಿಎಸ್‌ನ ಬಾಯಲ್ಲಿ ಫೇಸಿನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರನ್ನು ಲೋಹದ ಮೈಗೆ ಜೋಡಿಸಿರುತ್ತಾರೆ. ವಿದ್ಯುತ್ತಿನ ಗಲಿಬಿಲಿಯನ್ನು ಅರ್ತ್‌ಗೆ ಇಳಿಸಲು ಅದು. ಗೋಡೆಯ ಸಾಕೆಟ್ಟಿನಲ್ಲಿ ಅರ್ತ್ ಇಲ್ಲದಿದ್ದರೆ ಇಳಿಯಲು ದಾರಿಯಿಲ್ಲದೆ ಇಡೀ ಕ್ಯಾಬಿನೆಟ್ 230ರ ಅರ್ಧಕ್ಕೆ, ಅಂದರೆ ಸುಮಾರು 115 ವೋಲ್ಟಿಗೆ ಬಂದು ನಿಲ್ಲುತ್ತದೆ. ಹರಿಯುವ ಕರೆಂಟು ಬಹಳ ಕಡಿಮೆ, ಅದಕ್ಕೇ ಬರೀ ಜುಮ್ಮೆನ್ನುತ್ತದೆ. ಆದರೆ ಎಸ್‌ಎಂಪಿಎಸ್‌ನೊಳಗೆ ನಾಳೆ ನಿಜವಾದ ಸೋರಿಕೆ ಆದರೆ ಅದೂ ಇದೇ ದಾರಿಯಲ್ಲಿ ನಿಮ್ಮ ಕೈಗೆ ಬರುತ್ತದೆ. ನೀವು ಚಿನ್ನದ ಕ್ಯಾಬಿನೆಟ್ ತಂದರೂ ಈ ರೋಗ ಹೋಗುವುದಿಲ್ಲ, ಏಕೆಂದರೆ ರೋಗ ಗೋಡೆಯಲ್ಲಿದೆ. ವೈರ್‌ಮನ್‌ನನ್ನು ಕರೆಸಿ ಅರ್ತ್ ನೋಡಿಸಿ. ನಲ್ಲಿಯ ಪೈಪಿಗೆ ಸುತ್ತಿಕೊಡುತ್ತೇನೆ ಎಂದರೆ ಬೇಡವೆನ್ನಿ, ಈಗಿನ ಪೈಪುಗಳೆಲ್ಲ ಪ್ಲಾಸ್ಟಿಕ್. ಅಂಗಳದಲ್ಲಿ ಗುಂಡಿ ತೋಡಿ ಇದ್ದಿಲು ಉಪ್ಪು ಹಾಕಿ ಸರಿಯಾಗಿ ಮಾಡಿಸಿ. ಭರಣಿ ಮಳೆಯ ಗುಡುಗು ಶುರುವಾಗುವ ಮೊದಲೇ ಆಗಲಿ.

ತುಂಗಾತೀರದ ಡಿಟಿಪಿ

ಮೇಷ್ಟರೇ, ಬಣ್ಣ ಬಳಿಯಲು ತಗಡು ಉಳಿದಿದ್ದರೆ ತಾನೇ? ಉಜ್ಜಿದಷ್ಟೂ ತೂತು ದೊಡ್ಡದಾಗುತ್ತಿದೆ. ಅರ್ತ್ ವಿಷಯ ತಲೆಗೆ ಹೋಯಿತು. ವೈರ್‌ಮನ್ ಬಂದು ಸಾಕೆಟ್ ಬಿಚ್ಚಿದರೆ ಮೂರನೆಯ ತೂತಿನ ಹಿಂದೆ ವೈರೇ ಇರಲಿಲ್ಲ. ಹನ್ನೊಂದು ವರ್ಷ ಮೂರು ಕಾಲಿನ ಪ್ಲಗ್ಗನ್ನು ಎರಡು ಕಾಲಿನಲ್ಲಿ ನಿಲ್ಲಿಸಿದ್ದೆ.

ಉಳಿದದ್ದನ್ನು ಕೆಲಸ ಮುಗಿಸಿಯೇ ಬರೆಯುತ್ತೇನೆ.

ತುಂಗಾತೀರದ ಡಿಟಿಪಿ (ಹದಿನೆಂಟು ದಿನಗಳ ನಂತರ)

ಇದನ್ನು ಹೊಸ ಪೆಟ್ಟಿಗೆಯೊಳಗಿನ ಹಳೆಯ ಕಂಪ್ಯೂಟರಿನಿಂದಲೇ ಟೈಪ್ ಮಾಡುತ್ತಿದ್ದೇನೆ.

ಕ್ಯಾಬಿನೆಟ್ ತರಲು ಶಿವಮೊಗ್ಗಕ್ಕೇ ಹೋಗಬೇಕಾಯಿತು. ಮೊದಲ ಅಂಗಡಿಯಲ್ಲಿ ಪಕ್ಕಕ್ಕೆ ಗಾಜು, ಮುಂದೆ ಮೂರು ಬಣ್ಣ ಬಣ್ಣದ ಫ್ಯಾನು ಇರುವುದನ್ನು ತೋರಿಸಿದರು. ಹಚ್ಚಿದರೆ ಗಣಪತಿ ಪೆಂಡಾಲಿನ ಹಾಗೆ ಮಿನುಗುತ್ತಿತ್ತು. ಎಸ್‌ಎಂಪಿಎಸ್ ಮೇಲೆ ಕೂರುವಂಥದ್ದು ಬೇಕು ಎಂದೆ. ಸಾಗರದ ಅಣ್ಣ ಹೇಳಿದ ಹಾಗೆಯೇ ಹುಡುಗ ಮೂಗು ಮುರಿದ. ಮೂರನೆಯ ಅಂಗಡಿಯ ಅಟ್ಟದಿಂದ ಧೂಳು ಹೊತ್ತ ಕಪ್ಪು ಪೆಟ್ಟಿಗೆಯೊಂದು ಇಳಿಯಿತು, 1,350 ರೂಪಾಯಿ. ಬ್ಯಾಕ್‌ಪ್ಲೇಟ್ ಅಲ್ಲಿಯೇ ಗುಜರಿ ಡಬ್ಬಿಯಲ್ಲಿ ಸಿಕ್ಕಿತು, ಐವತ್ತು ರೂಪಾಯಿ. ವಾಪಸು ಬರುವಾಗ ಬಸ್ಸಿನಲ್ಲಿ ಪೆಟ್ಟಿಗೆಯನ್ನು ಪಕ್ಕದ ಸೀಟಿನಲ್ಲಿ ಇಟ್ಟುಕೊಂಡಿದ್ದೆ. ಗಾಜನೂರು ದಾಟುವಾಗ ಕಂಡಕ್ಟರ್ ಬಂದು ಇದಕ್ಕೂ ಟಿಕೆಟ್ ಆಗಬೇಕು ಎಂದರು. ಖಾಲಿ ಡಬ್ಬ ಎಂದೆ. "ಖಾಲಿಯಾದರೇನು, ಸೀಟು ತುಂಬಿದೆಯಲ್ಲ" ಎಂದರು. ಮಂಡಗದ್ದೆಯವರೆಗೆ ವಾದ ಮಾಡಿ, ಕೊನೆಗೆ ಅದನ್ನು ತೊಡೆಯ ಮೇಲೆ ಹೊತ್ತುಕೊಂಡೇ ಊರು ಸೇರಿದೆ.

ಬೋರ್ಡು ಎತ್ತಿದಾಗ ಕೆಳಗೆ ಆ ನಾಲ್ಕು ಬುಡಗಳು ತಗಡಿನಲ್ಲೇ ಎದ್ದು ನಿಂತಿದ್ದವು. ಹೇಳದೆ ಇದ್ದಿದ್ದರೆ ಹೀಟ್ ಸಿಂಕನ್ನು ಎಲ್ಲಿಗೆ ತಿರುಗಿಸಬೇಕೆಂದು ತಿಳಿಯದೆ ಆ ರಾತ್ರಿ ಅತ್ತುಬಿಡುತ್ತಿದ್ದೆ. ಬ್ಯಾಕ್‌ಪ್ಲೇಟಿನ ಥ್ರೆಡ್ಡಿಗೆ ನನ್ನ ಸ್ಕ್ರೂ ದಪ್ಪವಾಯಿತು. ಅಂಗಡಿಯಲ್ಲಿ ತಿರುಗಿಸಿ ನೋಡಲು ಸ್ಕ್ರೂವನ್ನೇ ಒಯ್ದಿರಲಿಲ್ಲ, ಬುದ್ಧಿವಂತೆ ನಾನು. ಸೈಕಲ್ ಶಾಪಿನವರು ಮೂರು ಮಿ.ಮೀ. ದಪ್ಪದ ಉದ್ದನೆಯ ಬೋಲ್ಟು ನಾಲ್ಕು ಕೊಟ್ಟರು, ಹಳೆಯ ಸ್ಪ್ರಿಂಗುಗಳನ್ನು ಅವಕ್ಕೇ ತೊಡಿಸಿದೆ. ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತಾ ಹೋದೆ, ಮಡಿಕೆಯ ಬಾಯಿಗೆ ಬಟ್ಟೆ ಕಟ್ಟುವ ಹಾಗೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಹಿಂದಿನ ಕಿಂಡಿ. ಇದರ ಬಗ್ಗೆ ನೀವು ಯಾರೂ ಬಾಯಿಬಿಡಲಿಲ್ಲ, ನೆನಪಿರಲಿ! ಹಳೆಯ ಪೆಟ್ಟಿಗೆಯಲ್ಲಿ ಪೋರ್ಟುಗಳು ಹೊರಗೆ ಇಣುಕುವ ತಗಡು ಪೆಟ್ಟಿಗೆಯ ಅಂಗವೇ ಆಗಿತ್ತು, ಬಿಚ್ಚಿ ತರುವಂಥದ್ದಲ್ಲ. ಹೊಸದರಲ್ಲಿ ಆ ಜಾಗದಲ್ಲಿ ಒಂದು ಗೇಣಿಗೆ ತುಸು ಕಡಿಮೆ ಉದ್ದದ ಕಿಂಡಿ ಬಾಯ್ದೆರೆದಿತ್ತು. ಹಾಗೇ ಬಿಟ್ಟರೆ ಕಣಜಕ್ಕೆ ಮಾತ್ರವಲ್ಲ, ಹಲ್ಲಿಗೂ ಇಲಿಮರಿಗೂ ಹೆಬ್ಬಾಗಿಲು.

ನಮ್ಮ ಪಕ್ಕದ ಪ್ರೆಸ್ಸಿನಲ್ಲಿ ಮುದ್ರಣ ಮುಗಿದ ಆಫ್‌ಸೆಟ್ ಪ್ಲೇಟುಗಳ ರಾಶಿ ಇದೆ. ತೆಳು ಅಲ್ಯೂಮಿನಿಯಂ, ದೊಡ್ಡ ಕತ್ತರಿಗೆ ಬಗ್ಗುತ್ತದೆ. ಒಂದು ತಂದೆ. ಕಿಂಡಿ ಅಳೆದರೆ 159 ಮಿ.ಮೀ. ಉದ್ದ, 44ಕ್ಕೆ ಚೂರು ಹೆಚ್ಚು ಅಗಲ. ಬಿಳಿಯ ಕಾಗದವನ್ನು ಬೋರ್ಡಿನ ಪೋರ್ಟುಗಳ ಮುಖಕ್ಕೆ ಒತ್ತಿ ಹಿಡಿದು, ಮೇಲಿನಿಂದ ಪೆನ್ಸಿಲ್ ಅಡ್ಡವಾಗಿ ಉಜ್ಜಿದೆ. ಮಕ್ಕಳು ನಾಣ್ಯದ ಅಚ್ಚು ತೆಗೆಯುತ್ತಾರಲ್ಲ, ಹಾಗೆ. ಅದೇ ಮೊಂಡು ಪೆನ್ಸಿಲ್, ಅದರ ಹಳೆಯ ಕೆಲಸ ಹೋಗಿತ್ತಲ್ಲ. ಯುಎಸ್‌ಬಿ ನಾಲ್ಕು ಚೌಕ, ವಿಜಿಎ, ಸೀರಿಯಲ್, ನೆಟ್ವರ್ಕ್, ಆಡಿಯೋದ ಎರಡು ದುಂಡು, ಎಲ್ಲವೂ ಮೂಡಿದವು. ಕಾಗದವನ್ನು ಪ್ಲೇಟಿಗೆ ಅಂಟಿಸಿ ಬ್ಲೇಡಿನಿಂದ ಹತ್ತಾರು ಸಲ ಗೀರಿ ಗೀರಿ ಕಿಂಡಿಗಳನ್ನು ಬಿಡಿಸಿದೆ. ಒಂದು ಹಾಳಾಯಿತು, ಒಂದು ಸರಿಯಾಯಿತು, ಹೆಬ್ಬೆರಳಿಗೆ ಬ್ಯಾಂಡೇಜ್ ಬಂತು. ಅಂಚುಗಳು ಪೋರ್ಟಿನ ಒಳಗಿನ ಕಡ್ಡಿಗಳಿಗೆ ತಾಗದಂತೆ ಅರ್ಧ ಮಿಲಿಮೀಟರ್ ಬಿಟ್ಟು ಅರ ಹೊಡೆದೆ.

ಕೂರಿಸಿ, ತಿರುಗಿಸಿ ನೋಡಿದರೆ ನಗು ತಡೆಯಲಾಗಲಿಲ್ಲ. ಅದು ಮದುವೆ ಕಾಗದದ ಪ್ಲೇಟು. ಆಫ್‌ಸೆಟ್ ಪ್ಲೇಟಿನಲ್ಲಿ ಅಕ್ಷರಗಳು ತಿರುಗುಮುರುಗಾಗಿ ಇರುವುದಿಲ್ಲ, ನೇರವಾಗಿಯೇ ಓದಿಸಿಕೊಳ್ಳುತ್ತವೆ. ಈಗ ನನ್ನ ಸಿಪಿಯುವಿನ ಬೆನ್ನ ಮೇಲೆ, ಪ್ರಿಂಟರ್ ವೈರಿನ ಪಕ್ಕದಲ್ಲಿ, ಸ್ಪಷ್ಟವಾಗಿ "ಆಗಮನಾಭಿಲಾಷಿಗಳು" ಎಂದಿದೆ.

ಮೊದಲ ಸಲ ಹಚ್ಚಿದಾಗ ಫ್ಯಾನು ತಿರುಗಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಹಿತ್ತಾಳೆ ಕಾಲುಗಳನ್ನು ಮೂರು ಸಲ ಎಣಿಸಿದೆ, ಎಂಟೇ ಇದ್ದವು. ರ‍್ಯಾಮ್ ಕಿತ್ತು ಮತ್ತೆ ಒತ್ತಿದೆ. ಟಕ್ ಎಂದಿತು, ಬಂತು. ಎಸ್‌ಎಸ್‌ಡಿಗೆ ಕರೆಂಟು ಕೊಡುವ ವೈರು ಹೊಸ ಪೆಟ್ಟಿಗೆಯ ಅದರ ಗೂಡಿಗೆ ಎಟುಕಲಿಲ್ಲ, ಬೋರ್ಡಿನ ಹತ್ತಿರವೇ ತಗಡಿಗೆ ಎರಡು ಬದಿಯ ಟೇಪಿನಲ್ಲಿ ಅಂಟಿಸಿದ್ದೇನೆ. ತಿರುಗುವ ಭಾಗ ಅದರಲ್ಲಿಲ್ಲವಲ್ಲ, ಹೇಗಿದ್ದರೂ ನಡೆಯುತ್ತದೆ. ಮುಂಭಾಗದ ಸಣ್ಣ ಬೋರ್ಡನ್ನು ಇನ್ಸುಲೇಷನ್ ಟೇಪು ಸುತ್ತಿ ಒಳಗೆ ಮಲಗಿಸಿದ್ದೇನೆ, ಎಫ್1 ಕಾಟವಿಲ್ಲ. ಕೈ ಹಾಕಿದ್ದೇನೆಂದು ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನೂ ಬದಲಾಯಿಸಿದೆ. ವಿಂಡೋಸ್ ಏನೂ ಕೇಳಲಿಲ್ಲ. ಪೇಜ್‌ಮೇಕರ್ ತೆರೆಯಿತು. ಈಗ ಬರಿಗಾಲಲ್ಲಿ ಮುಟ್ಟುತ್ತೇನೆ, ಜುಮ್ಮೆನ್ನುವುದಿಲ್ಲ ಮೇಷ್ಟರೇ.

ಉತ್ತರ 4: ಬೆಸುಗೆ, ಸಾಗರ

ಹಿಂದಿನ ತಗಡಿನ ಮಾತು ಮರೆತದ್ದು ನನ್ನದೇ ತಪ್ಪು ಅಕ್ಕ. ನಾನು ಹಳೆಯ ಪೆಟ್ಟಿಗೆಯಿಂದಲೇ ಹ್ಯಾಕ್ಸಾದಲ್ಲಿ ಕೊಯ್ದು ತಂದು ಕೂರಿಸುತ್ತಿದ್ದೆ, ನಿಮ್ಮದು ಅದಕ್ಕಿಂತ ಚೊಕ್ಕ. ಒಂದು ವಾರ ಪ್ರೊಸೆಸರಿನ ಬಿಸಿ ನೋಡುತ್ತಿರಿ. ಬೋಲ್ಟಿನ ಒತ್ತಡ ಒಂದು ಬದಿಗೆ ಹೆಚ್ಚಾಗಿದ್ದರೆ ಅಲ್ಲಿ ಗೊತ್ತಾಗುತ್ತದೆ. ಇನ್ನೊಂದು, ವಿಂಡೋಸ್ 10ಕ್ಕೆ ಉಚಿತ ಭದ್ರತಾ ಅಪ್‌ಡೇಟುಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ವಿಂಡೋಸ್ 11ಕ್ಕೆ ಒಪ್ಪುವ ಪ್ರೊಸೆಸರುಗಳ ಪಟ್ಟಿ ಹೆಚ್ಚುಕಡಿಮೆ ಇಂಟೆಲ್‌ನ ಎಂಟನೇ ತಲೆಮಾರಿನಿಂದ ಶುರುವಾಗುತ್ತದೆ, ನಿಮ್ಮದು ನಾಲ್ಕನೆಯದು. ಪೇಜ್‌ಮೇಕರ್ ಕೆಲಸ ಅದರಲ್ಲೇ ನಡೆಯಲಿ, ಬ್ಯಾಂಕಿನ ವ್ಯವಹಾರವನ್ನು ಮಾತ್ರ ಮೊಬೈಲಿನಲ್ಲಿ ಮಾಡಿ. ಮದುವೆ ಕಾಗದಗಳನ್ನೆಲ್ಲ ಇವತ್ತೇ ಒಂದು ಪೆನ್ ಡ್ರೈವಿಗೆ ನಕಲು ಮಾಡಿಡಿ.

ಉತ್ತರ 5: ಮಳೆನಾಡಿಗ, ಶೃಂಗೇರಿ

ಮೇಡಂ, ನನ್ನ ಹತ್ತಿರವೂ ಇಂಥದ್ದೇ ಕಚೇರಿ ಮಾದರಿ ಇದೆ. ಬೋರ್ಡು ಹೊಸ ಪೆಟ್ಟಿಗೆಗೆ ಹೋಗಿ ಎರಡು ತಿಂಗಳಾಯಿತು, ಹಿಂದಿನ ಕಿಂಡಿಗೆ ರಟ್ಟು ಅಂಟಿಸಿದ್ದೆ, ಮಳೆಗೆ ಅದು ಬೂಷ್ಟು ಹಿಡಿದು ಮೆತ್ತಗಾಗಿದೆ. ಪ್ಲೇಟು ಇನ್ನೊಂದು ಉಳಿದಿದ್ದರೆ ನನಗೂ ಕತ್ತರಿಸಿ ಕೊಡುತ್ತೀರಾ? ಖರ್ಚು ಕೊಡುತ್ತೇನೆ.

ತುಂಗಾತೀರದ ಡಿಟಿಪಿ

ಕೊಡುತ್ತೇನೆ. ಪೋರ್ಟುಗಳ ಅಚ್ಚನ್ನು ಪೆನ್ಸಿಲಿನಲ್ಲಿ ಉಜ್ಜಿ ತೆಗೆದು ಆ ಕಾಗದವನ್ನೇ ಅಂಚೆಯಲ್ಲಿ ಕಳುಹಿಸಿ. ಫೋಟೋ ಬೇಡ, ಅದರಲ್ಲಿ ಅಳತೆ ಹಿಗ್ಗುತ್ತದೆ. ಒಂದೇ ತೊಡಕು, ಪ್ರೆಸ್ಸಿನಲ್ಲಿ ಈ ವಾರ ಮದುವೆಯ ಪ್ಲೇಟುಗಳು ಖಾಲಿಯಾಗಿವೆ. ಉಳಿದಿರುವುದು ವೈಕುಂಠ ಸಮಾರಾಧನೆಯದು. ಅಕ್ಷರಗಳನ್ನು ಒಳಮುಖ ಮಾಡಿ ಕತ್ತರಿಸಲೇ?